ಸಂಶೋಧನ ಬರಹದಲ್ಲಿ ವಿವರಣ ಚಿಹ್ನೆಯ ಬಳಕೆ

ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಹೊರನಾಡ ಕನ್ನಡಿಗರು ಸಂಶೋಧನ ಪ್ರಬಂಧಗಳನ್ನು ರಚಿಸುತ್ತ ಬಂದಿರುವುದು ನಮಗೆಲ್ಲ ಅಭಿಮಾನದ ಸಂಗತಿ. ಶಾಲೆಯಲ್ಲಿ ಇಂಗ್ಲಿಷನ್ನೋ ಆಯಾ ಪ್ರಾಂತದ ಭಾಷೆಯನ್ನೋ ಮಾಧ್ಯಮವಾಗಿ ಕಲಿತು ಬಂದವರಿಗೆ ಕನ್ನಡ ಬರಹದ ಲೇಖನ ಚಿಹ್ನೆಗಳಲ್ಲಿ ಗೊಂದಲವುಂಟಾಗುವುದು ಸಹಜ. ಅವುಗಳಲ್ಲಿ ಮುಖ್ಯವಾದುದು ಕೋಲನ್ ಎಂದು ನಾವು ರೂಢಿಯಲ್ಲಿ ಕರೆಯುವ ವಿವರಣ ಚಿಹ್ನೆ (:).

ಈ ಚಿಹ್ನೆಯು ಓದುಗರಿಗೆ ನೀಡುವ ಸೂಚನೆ ಒಂದೇ: ಹಿಂದೆ ಹೇಳಿದ ಮಾತಿನ ವಿವರ ಮುಂದಿದೆ. ಆದುದರಿಂದ ಚಿಹ್ನೆಯ ಹಿಂದಿನ ಮಾತು ತನ್ನಷ್ಟಕ್ಕೆ ಪೂರ್ಣವಾಗಿರಬೇಕು. 'ಕನ್ನಡಕ್ಕೆ ಮೊದಲು ಜ್ಞಾನಪೀಠ ಪ್ರಶಸ್ತಿ ತಂದವರು ಮೂವರು: ಕುವೆಂಪು (1967), ದ.ರಾ. ಬೇಂದ್ರೆ (1973), ಶಿವರಾಮ ಕಾರಂತ (1977)' ಎಂಬ ವಾಕ್ಯ ಸರಿ. 'ಜ್ಞಾನಪೀಠ ಪ್ರಶಸ್ತಿಯನ್ನು: ಕುವೆಂಪು, ಬೇಂದ್ರೆ, ಕಾರಂತರು ಪಡೆದರು' ಎಂಬುದು ತಪ್ಪು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ಅದನ್ನು ತಲಪುವ ಮೊದಲೇ ಚಿಹ್ನೆಯನ್ನಿಟ್ಟರೆ ವಾಕ್ಯವು ನಡುವೆ ಮುರಿಯುತ್ತದೆ.

ಇಂಗ್ಲಿಷಿನಲ್ಲಿ ಉದ್ಧರಣೆಗೆ ಮುನ್ನ ಈ ಚಿಹ್ನೆ ಬರುವುದುಂಟು. ಕನ್ನಡದಲ್ಲಿ ಆ ಕಾರ್ಯವನ್ನು 'ಎಂದು', 'ಎಂಬ' ಎನ್ನುವ ಪದಗಳೇ ನಿರ್ವಹಿಸುತ್ತವೆ. ಉದ್ಧರಣೆಯ ಬಳಿಕ 'ಎಂದು ಹೇಳಿದ್ದಾರೆ' ಎಂದು ಬರೆಯುವಲ್ಲಿ ಮೊದಲಿಗೆ ಚಿಹ್ನೆ ಬೇಕಿಲ್ಲ. ದೀರ್ಘ ಉದ್ಧರಣೆಯನ್ನು ಪ್ರತ್ಯೇಕವಾಗಿ ಕೊಡುವಾಗ 'ಲೇಖಕರ ಅಭಿಪ್ರಾಯ ಹೀಗಿದೆ' ಎಂದು ವಾಕ್ಯವನ್ನು ಮುಗಿಸಿ ಚಿಹ್ನೆಯನ್ನಿಡಬಹುದು. 'ಮುಂಬಯಿಯ ಕನ್ನಡ ರಂಗಭೂಮಿ: ಒಂದು ಅಧ್ಯಯನ' ಎಂಬಂತೆ ಶೀರ್ಷಿಕೆ ಹಾಗೂ ಉಪಶೀರ್ಷಿಕೆಗಳ ನಡುವೆಯೂ ಇದು ಯುಕ್ತ. ಚಿಹ್ನೆಯ ಹಿಂದೆ ಜಾಗ ಬಿಡದೆ ಮುಂದೆ ಮಾತ್ರ ಬಿಡುವುದು ಒಳ್ಳೆಯ ಕ್ರಮ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ವಿಸರ್ಗದ ವಿಷಯದಲ್ಲಿ. 'ದುಃಖ', 'ಪುನಃ', 'ಅಂತಃಕರಣ' ಪದಗಳಲ್ಲಿರುವುದು ವಿಸರ್ಗ. ಅದು ವರ್ಣಮಾಲೆಯ ಯೋಗವಾಹಗಳಲ್ಲಿ ಒಂದು, ಅದಕ್ಕೆ ಉಚ್ಚಾರಣೆಯಿದೆ. ವಿವರಣ ಚಿಹ್ನೆಗೆ ಉಚ್ಚಾರಣೆಯಿಲ್ಲ. ಬರಹದಲ್ಲಿ ವಿಸರ್ಗವು ಎರಡು ಸೊನ್ನೆ, ವಿವರಣ ಚಿಹ್ನೆಯು ಎರಡು ಚುಕ್ಕಿ. ಯೂನಿಕೋಡಿನಲ್ಲಿಯೂ ಇವೆರಡಕ್ಕೆ ಪ್ರತ್ಯೇಕ ಸಂಕೇತಗಳಿವೆ. ವಿಸರ್ಗದ ಬದಲು ಚುಕ್ಕಿಗಳನ್ನು ಬೆರಳಚ್ಚಿಸಿ 'ದು:ಖ' ಎಂದು ಬರೆದರೆ ಕಣ್ಣಿಗೆ ಸರಿಯೆಂದು ತೋರಬಹುದು. ಗಣಕಯಂತ್ರಕ್ಕೆ ಅದು ಬೇರೆಯೇ ಅಕ್ಷರಸಾಲು. 'ದುಃಖ' ಎಂದು ಹುಡುಕುವವರಿಗೆ ಆ ಪುಟ ಸಿಗದೆ ಹೋಗಬಹುದು. ಶೋಧಗಂಗಾದಂತಹ ಜಾಲತಾಣಗಳಲ್ಲಿ ಪ್ರಬಂಧಗಳು ಸಂಗ್ರಹವಾಗುತ್ತಿರುವ ಈ ಕಾಲದಲ್ಲಿ, ಹಲವು ವರ್ಷಗಳ ಪರಿಶ್ರಮವು ಎರಡು ಚುಕ್ಕಿಗಳಿಂದಾಗಿ ಮರೆಯಾಗಬಾರದು.

ಪ್ರಬಂಧವನ್ನು ಸಲ್ಲಿಸುವ ಮುನ್ನ ಚಿಹ್ನೆಯಿರುವ ಪ್ರತಿಯೊಂದು ಎಡೆಯಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದರ ಹಿಂದಿನ ಮಾತು ಪೂರ್ಣವಾಗಿದೆಯೇ? ಇಲ್ಲಿ ಬೇಕಾದುದು ಚಿಹ್ನೆಯೋ, ವಿಸರ್ಗವೋ? ಮನೆಯಲ್ಲಿ ಕನ್ನಡವನ್ನು ಚೆನ್ನಾಗಿ ಬಲ್ಲ ಹಿರಿಯರಿದ್ದರೆ ಕರಡನ್ನು ಅವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿರಿ. ಓದು ಎಲ್ಲಿ ತಡವರಿಸುವುದೋ ಅಲ್ಲಿ ತಿದ್ದುಪಡಿಗೆ ಅವಕಾಶವಿದೆಯೆಂದು ತಿಳಿಯಬಹುದು.