ಮಕ್ಕಳ ಕಷ್ಟಕ್ಕೆ ರಿಜಿಸ್ಟರು ಎಲ್ಲಿದೆ?

ಮಗುವಿನ ತೂಕ ಅಂಗನವಾಡಿಯ ಪುಸ್ತಕದಲ್ಲಿದೆ, ಹಾಜರಿ ಶಾಲೆಯ ಪುಸ್ತಕದಲ್ಲಿದೆ. ಅಪ್ಪ ಕುಡಿದು ಬಂದು ಹೊಡೆಯೋದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1995–97ರಲ್ಲಿ ಆರೋಗ್ಯ ತಪಾಸಣೆಗೆ ಬಂದ 17,000ಕ್ಕೂ ಹೆಚ್ಚು ದೊಡ್ಡವರನ್ನು ಬಾಲ್ಯದ ಇಂಥ ಪೆಟ್ಟುಗಳ ಬಗ್ಗೆ ಕೇಳಲಾಯಿತು. ಪೆಟ್ಟು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದಯರೋಗದ ಅಪಾಯ ಹೆಚ್ಚು ಅಂತ ಲೆಕ್ಕ ಹೇಳಿತು. ಅದು ಅಲ್ಲಿನ ಲೆಕ್ಕ. ಇಲ್ಲಿನದು ಯಾರ ಹತ್ತಿರ ಇದೆ?

ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ಹುಟ್ಟಿದವು. ಈಗ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಸೇರಬೇಕು. ಅಲ್ಲಿ ಕಾಲುಸಂಕ, ಬಸ್ಸು, ಶೌಚಾಲಯದ ಮಾತು ಬರುತ್ತದೆ. ಮನೆಯ ಮಾತನ್ನು ಮೈಕಿನ ಮುಂದೆ ಯಾವ ಮಗು ಆಡೀತು?

ಹೆಸರಿಲ್ಲದ ಚೀಟಿ ಬರೆಸಿ. ಕೈಬರಹ ಗುರುತು ಹಿಡಿಯೋ ಮೇಷ್ಟ್ರ ಕೈಗೆ ಕೊಡಬೇಡಿ. ‘ಏನು ಕಷ್ಟ?’ ಅಂತ ಮಾತ್ರವಲ್ಲ, ‘ಕಷ್ಟ ಬಂದರೆ ಯಾರ ಹತ್ತಿರ ಓಡ್ತೀಯ?’ ಅಂತಲೂ ಕೇಳಿ. ಅಜ್ಜಿಯೋ ಟೀಚರೋ ಪಕ್ಕದ್ಮನೆ ಅಕ್ಕನೋ, ಒಂದು ಆಸರೆ ಇದ್ದ ಮಗು ಎದ್ದು ನಿಲ್ಲೋದು ಸುಲಭ. ‘ಯಾರೂ ಇಲ್ಲ’ ಎಂಬ ಚೀಟಿ ಹೆಚ್ಚು ಬಂದ ಊರಿಗೆ ಆಪ್ತ ಸಲಹೆಗಾರರು ಮೊದಲು ಹೋಗಲಿ.

ತುರ್ತಿಗೆ 1098 ಇದೆ. ಚೀಟಿ ಎಣಿಸಿ ಕಪಾಟಿಗೆ ಬೀಗ ಹಾಕುವುದಾದರೆ ಕೇಳಲೇಬೇಡಿ. ಒಮ್ಮೆ ಹೇಳಿ ಸೋತ ಮಗು ಮತ್ತೆ ಬಾಯಿ ಬಿಡೋದಿಲ್ಲ.