ಬಾಡಿಗೆ ವಿಮಾನವನ್ನು ಜಪ್ತಿ ಮಾಡೋದು ಹೇಗೆ?

ಟಿ. ನರಸೀಪುರದಲ್ಲಿರುವ ನಮ್ಮ ಮಾವ ಸಾಲದಲ್ಲಿ ಟ್ರ್ಯಾಕ್ಟರ್ ತಗೊಂಡಾಗ ಅದರ ಆರ್‌ಸಿಯನ್ನು ನನ್ನ ಕೈಗೆ ಕೊಟ್ಟು "ಇಂಗ್ಲಿಷ್ ಓದಿದ್ದೀಯಲ್ಲ, ಏನು ಬರೆದಿದೆ ಹೇಳು" ಅಂದಿದ್ದರು. ಓನರ್ ಅಂತ ಮಾವನ ಹೆಸರಿತ್ತು. ಅದರ ಕೆಳಗೆ ಹೈಪೊಥಿಕೇಶನ್ ಅಂತ ಫೈನಾನ್ಸ್ ಕಂಪನಿಯ ಹೆಸರು. ಇಂಗ್ಲಿಷ್ ಮೀಡಿಯಂ ಓದಿಯೂ ಆ ಪದ ನನಗೆ ಗೊತ್ತಿರಲಿಲ್ಲ. ಅರ್ಥ ಹೇಳಿದ್ದು ಅಜ್ಜಿ: "ಗಿರವಿ ಇಟ್ಟರೆ ಒಡವೆ ಅಂಗಡಿಗೆ ಹೋಗ್ತದೆ. ಇದರಲ್ಲಿ ಗಾಡಿ ನಮ್ಮ ಮನೇಲೇ ಇರ್ತದೆ, ಹಕ್ಕು ಮಾತ್ರ ಅವರದ್ದು."

ಈ ಲೇಖನದ ಅರ್ಧ ವಿಷಯ ಅಜ್ಜಿಯ ಆ ಮಾತಲ್ಲೇ ಇದೆ. ಉಳಿದರ್ಧ, ಟ್ರ್ಯಾಕ್ಟರ್ ಜಾಗದಲ್ಲಿ ವಿಮಾನ ಇದ್ದರೆ ಏನಾಗುತ್ತೆ ಅನ್ನೋದು.

ನಂಜನಗೂಡಿನಿಂದ ಮೈಸೂರಿಗೆ ಬಸ್ಸಲ್ಲಿ ಬರುವವರಿಗೆ ಮಂಡಕಳ್ಳಿ ಏರ್‌ಪೋರ್ಟ್ ಗೊತ್ತೇ ಇದೆ. 2010ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಬೆಂಗಳೂರಿಗೆ ಹಾರಾಟ ಶುರು ಮಾಡಿದ್ದು ಕಿಂಗ್‌ಫಿಷರ್‌ನ ಎಟಿಆರ್ ವಿಮಾನ. ಮರುವರ್ಷವೇ ಆ ಸರ್ವೀಸ್ ನಿಂತಿತು. 2012ರ ಅಕ್ಟೋಬರ್‌ನಲ್ಲಿ ಕಂಪನಿಯೇ ಹಾರಾಟ ನಿಲ್ಲಿಸಿತು. ಬೆಂಗಳೂರಿನ ಕಂಪನಿ, ಸಾವಿರಾರು ಕೋಟಿ ಸಾಲ, ಸಂಬಳ ಸಿಗದ ನೌಕರರು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಬೇರೆ ಬೇರೆ ಏರ್‌ಪೋರ್ಟ್‌ಗಳಲ್ಲಿ ನಿಂತಿದ್ದ ಅದರ ವಿಮಾನಗಳು ಯಾರವು?

ಬಹುಪಾಲು ವಿಮಾನಗಳು ಕಿಂಗ್‌ಫಿಷರ್‌ನವೇ ಅಲ್ಲ. ನಮ್ಮ ದೇಶದ ಏರ್‌ಲೈನ್‌ಗಳು ಹೆಚ್ಚಾಗಿ ಹಾರಿಸೋದು ಲೀಸ್ ವಿಮಾನಗಳನ್ನೇ. ಲೀಸ್ ಅಂದ ತಕ್ಷಣ ಮೈಸೂರಿನ ಲೀಸ್ ಮನೆ ನೆನಪಾದರೆ ತಪ್ಪು. ನಮ್ಮಲ್ಲಿ ಲೀಸ್ ಅಂದರೆ ಭೋಗ್ಯ: ಒಟ್ಟಿಗೆ ದುಡ್ಡು ಕೊಟ್ಟು ಬಾಡಿಗೆ ಇಲ್ಲದೆ ಇರೋದು. ವಿಮಾನದ ಲೀಸ್ ಹಾಗಲ್ಲ, ತಿಂಗಳಿಗಿಷ್ಟು ಬಾಡಿಗೆ. ಮಾಲೀಕ ಐರ್ಲೆಂಡಿನಲ್ಲೋ ಸಿಂಗಾಪುರದಲ್ಲೋ ಇರುವ ಕಂಪನಿ. ಆ ಕಂಪನಿಯೂ ಬ್ಯಾಂಕಿನಿಂದ ಸಾಲ ತಂದಿರುತ್ತೆ, ಅದಕ್ಕೆ ವಿಮಾನವನ್ನೇ ಆಧಾರ ಕೊಟ್ಟಿರುತ್ತೆ. ಅಂದರೆ ಒಂದೇ ವಿಮಾನದ ಮೇಲೆ ಮೂರು ಜನರ ಕಣ್ಣು.

ಮಾವ ಕಂತು ಕಟ್ಟದಿದ್ದರೆ ಏನಾಗುತ್ತೆ ಅನ್ನೋದು ಸರಳ. ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ, ಗಾಡಿ ವಶಕ್ಕೆ ತಗೊಂಡ ಫೈನಾನ್ಸ್‌ನವರು ಆರ್‌ಟಿಓಗೆ ಅರ್ಜಿ ಹಾಕಬಹುದು. ಆರ್‌ಟಿಓ ಮಾವನ ಮಾತು ಕೇಳಿ, ಆಮೇಲೆ ಹಳೇ ಆರ್‌ಸಿ ರದ್ದು ಮಾಡಿ ಅವರ ಹೆಸರಿಗೆ ಹೊಸದು ಕೊಡಬಹುದು. ವಿಮಾನಕ್ಕೂ ಆರ್‌ಸಿ ಥರದ ನೋಂದಣಿ ಇದೆ, ಭಾರತದಲ್ಲಿ ಅದನ್ನು ಕೊಡೋದು ಡಿಜಿಸಿಎ. ಇಲ್ಲಿನ ವಿಮಾನಗಳ ಮೈಮೇಲೆ 'ವಿಟಿ' ಅಂತ ಶುರುವಾಗುವ ಅಕ್ಷರ ಇರುತ್ತಲ್ಲ, ಅದೇ ಅದರ ರಾಷ್ಟ್ರೀಯತೆ. 1944ರ ಷಿಕಾಗೋ ಒಪ್ಪಂದದ ಪ್ರಕಾರ ಒಂದು ವಿಮಾನ ಎರಡು ದೇಶದಲ್ಲಿ ನೋಂದಣಿ ಆಗುವಂತಿಲ್ಲ. ಹಾಗಾಗಿ ಮಾಲೀಕ ತನ್ನದೇ ವಿಮಾನವನ್ನು ಬೇರೆ ದೇಶದಲ್ಲಿ ಬಾಡಿಗೆಗೆ ಬಿಡಬೇಕಾದರೆ ಮೊದಲು 'ವಿಟಿ' ರದ್ದಾಗಬೇಕು. ಎಲ್ಲಾ ಜಗಳವೂ ಈ ರದ್ದತಿಯ ಸುತ್ತಲೇ.

ಇದಕ್ಕೆ ದೇಶದೇಶಕ್ಕೂ ಒಂದೊಂದು ಕಾನೂನು ಇದ್ದರೆ ಯಾರೂ ಸಾಲ ಕೊಡಲ್ಲ. ಅದಕ್ಕೇ 2001ರಲ್ಲಿ ಕೇಪ್‌ಟೌನ್ ಒಪ್ಪಂದ ಆಯಿತು. ಭಾರತ ಸೇರಿದ್ದು 2008ರಲ್ಲಿ. ಈ ಒಪ್ಪಂದದ ಮುಖ್ಯ ಕೆಲಸ ಒಂದು ಅಂತರರಾಷ್ಟ್ರೀಯ ರಿಜಿಸ್ಟ್ರಿ. ಅದು ಐರ್ಲೆಂಡಿನ ಡಬ್ಲಿನ್‌ನಿಂದ ಆನ್‌ಲೈನ್ ನಡೆಯುತ್ತೆ. ನಮ್ಮ ಚಾಸಿ ನಂಬರ್ ಥರ ತಯಾರಕರ ಸೀರಿಯಲ್ ನಂಬರ್ ಹಾಕಿದರೆ ಯಾರ ಹಕ್ಕು ಇದೆ ಅಂತ ಗೊತ್ತಾಗುತ್ತೆ. ಮೊದಲು ನೋಂದಾಯಿಸಿದವನಿಗೇ ಮೊದಲ ಹಕ್ಕು. "ನಂಗೆ ಬಾಯ್ಮಾತಲ್ಲಿ ಹೇಳಿದ್ರು" ಅನ್ನೋದು ನಡೆಯಲ್ಲ. ನಮ್ಮ ಮೆಕ್ಯಾನಿಕಲ್‌ನವರಿಗೆ ಇಷ್ಟವಾಗುವ ವಿಷಯ ಇನ್ನೊಂದಿದೆ: ಇಲ್ಲಿ ಎಂಜಿನ್ ಬೇರೆ ವಸ್ತು, ಬಾಡಿ ಬೇರೆ ವಸ್ತು. ಇವತ್ತು ಈ ರೆಕ್ಕೆಯ ಕೆಳಗಿರುವ ಎಂಜಿನ್ ನಾಳೆ ಇನ್ನೊಂದು ವಿಮಾನಕ್ಕೆ ಹೋಗಬಹುದು, ಅದರ ಮಾಲೀಕನೇ ಬೇರೆ ಇರಬಹುದು.

ಒಪ್ಪಂದದ ಇನ್ನೊಂದು ಅಸ್ತ್ರ 'ಐಡೆರಾ'. ಬಾಡಿಗೆಗೆ ತಗೊಳ್ಳುವ ದಿನವೇ ಏರ್‌ಲೈನ್ ಸಹಿ ಮಾಡಿಕೊಡುವ ಪತ್ರ ಇದು. "ಮುಂದೆ ನಾನು ತಪ್ಪಿದರೆ, ನನ್ನನ್ನು ಕೇಳದೆ ನೋಂದಣಿ ರದ್ದು ಮಾಡಿ ಇವರಿಗೆ ಕಳಿಸಿಕೊಡಿ. ಈ ಮಾತನ್ನು ನಾನೊಬ್ಬನೇ ವಾಪಸ್ ತಗೊಳ್ಳಲ್ಲ" ಅಂತ. ಮಾವನೂ ಫೈನಾನ್ಸ್ ಆಫೀಸಲ್ಲಿ ಖಾಲಿ ಫಾರ್ಮ್‌ಗಳಿಗೆ ಓದದೇ ಸಹಿ ಹಾಕಿ ಬಂದಿದ್ದರು. ಏರ್‌ಲೈನ್‌ನವರ ಪಕ್ಕದಲ್ಲಿ ವಕೀಲರಿರುತ್ತಾರೆ ಅನ್ನೋದೇ ವ್ಯತ್ಯಾಸ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಿಂಗ್‌ಫಿಷರ್ ಬಿದ್ದಾಗ ಮಾಲೀಕರಿಗೆ ವಿಮಾನ ಸುಲಭವಾಗಿ ಸಿಗಲಿಲ್ಲ. 2013ರಲ್ಲಿ ಡಿವಿಬಿ ಅನ್ನೋ ಜರ್ಮನ್ ಬ್ಯಾಂಕಿನ ಕಡೆಯವರು ದಿಲ್ಲಿ ಹೈಕೋರ್ಟಿಗೆ ಹೋಗಿ ರದ್ದತಿಯ ಆದೇಶ ತರಬೇಕಾಯಿತು. 2015ರಲ್ಲಿ ನಿಯಮ ತಿದ್ದಿ, ಐಡೆರಾ ತಂದರೆ 5 ಕೆಲಸದ ದಿನಗಳಲ್ಲಿ ರದ್ದು ಅಂತ ಬರೆದರು.

ಅದೂ ಸಾಕಾಗಲಿಲ್ಲ. 2023ರ ಮೇನಲ್ಲಿ ಗೋ ಫಸ್ಟ್ ತಾನೇ ದಿವಾಳಿ ಅರ್ಜಿ ಹಾಕಿತು. ದಿವಾಳಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅರ್ಜಿ ಒಪ್ಪಿಕೊಂಡ ಮೇಲೆ ಕಂಪನಿಯ ಸ್ವಾಧೀನದಲ್ಲಿರುವ ವಸ್ತುವನ್ನು ಮಾಲೀಕನೂ ಮುಟ್ಟುವಂತಿಲ್ಲ. 5 ದಿನ ಅನ್ನೋದು ನಿಯಮ, ದಿವಾಳಿ ಕಾಯ್ದೆ ಸಂಸತ್ತು ಮಾಡಿದ್ದು. ಕಾಯ್ದೆಯ ಮುಂದೆ ನಿಯಮ ನಿಲ್ಲಲ್ಲ. 54 ವಿಮಾನ ನಿಂತಲ್ಲೇ ನಿಂತವು. ಕಾರಿನ ಥರ ಕವರ್ ಹಾಕಿ ಬಿಡೋಕಾಗಲ್ಲ, ಹಾರದ ವಿಮಾನಕ್ಕೂ ಮೇಂಟೆನೆನ್ಸ್ ಬೇಕು, ಬಾಡಿಗೆಯಂತೂ ಇಲ್ಲ. ಅಕ್ಟೋಬರ್‌ನಲ್ಲಿ ಸರ್ಕಾರ ವಿಮಾನಗಳಿಗೆ 14ನೇ ಸೆಕ್ಷನ್ ಅನ್ವಯಿಸಲ್ಲ ಅಂತ ಅಧಿಸೂಚನೆ ಹೊರಡಿಸಿತು. 2024ರ ಏಪ್ರಿಲ್ 26ಕ್ಕೆ ದಿಲ್ಲಿ ಹೈಕೋರ್ಟ್ ನೋಂದಣಿ ರದ್ದು ಮಾಡಿ ಅಂತ ಆದೇಶ ಕೊಟ್ಟಿತು. ಹತ್ತಿರ ಹತ್ತಿರ ಒಂದು ವರ್ಷ!

2025ರಲ್ಲಿ ಸಂಸತ್ತೇ ವಿಮಾನ ವಸ್ತುಗಳಲ್ಲಿನ ಹಿತಾಸಕ್ತಿ ರಕ್ಷಣಾ ಕಾಯ್ದೆ ಮಾಡಿತು. ಈಗ ಕೇಪ್‌ಟೌನ್ ಒಪ್ಪಂದಕ್ಕೆ ಇಲ್ಲಿ ಕಾನೂನಿನ ಬಲ ಇದೆ. ಬೇರೆ ಕಾಯ್ದೆ ಜೊತೆ ತಿಕ್ಕಾಟ ಬಂದರೆ ಒಪ್ಪಂದದ್ದೇ ಮೇಲುಗೈ. ಏರ್‌ಲೈನ್ ದಿವಾಳಿಯಾದರೆ 2 ತಿಂಗಳೊಳಗೆ ಬಾಕಿ ಸರಿಪಡಿಸಬೇಕು, ಇಲ್ಲ ವಿಮಾನ ಒಪ್ಪಿಸಬೇಕು.

ಇಷ್ಟು ಓದಿದಾಗ ನನಗೆ ಕಾಡಿದ್ದು ಒಂದೇ: ಮಾಲೀಕ ವಿಮಾನ ತಗೊಂಡು ಹೋದ, ನೌಕರರ ಕಥೆ ಏನು? ಕೇಪ್‌ಟೌನ್‌ಗೆ ಸೇರುವಾಗಲೇ ಭಾರತ ಒಂದು ಘೋಷಣೆ ಕೊಟ್ಟಿದೆ. ನೌಕರರ ಸಂಬಳ ಬಾಕಿ, ತೆರಿಗೆ ಬಾಕಿ, ವಿಮಾನ ತನ್ನ ವಶದಲ್ಲಿರುವ ರಿಪೇರಿಯವನ ಬಿಲ್, ಇವು ರಿಜಿಸ್ಟ್ರಿಯಲ್ಲಿ ಇಲ್ಲದಿದ್ದರೂ ಮುಂದೆ ನಿಲ್ಲುತ್ತವೆ. ರಿಪೇರಿಯದ್ದು ನಮಗೆ ಹೊಸದಲ್ಲ, ಬಿಲ್ ಕೊಡೋವರೆಗೂ ಟ್ರ್ಯಾಕ್ಟರ್ ಬಿಡಲ್ಲ ಅನ್ನೋ ನರಸೀಪುರದ ಗ್ಯಾರೇಜಿನವನ ಹಕ್ಕು ಅದೇ. ಆದರೆ ಸಂಬಳದ ವಿಷಯದಲ್ಲಿ ಒಂದು ಸಣ್ಣ ಷರತ್ತಿದೆ: ಏರ್‌ಲೈನ್ ಬಾಕಿದಾರ ಅಂತ ಘೋಷಣೆ ಆದ ಮೇಲಿನ ಸಂಬಳಕ್ಕೆ ಮಾತ್ರ ಈ ಆದ್ಯತೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಸಂಬಳ ಇಲ್ಲದೆ ದುಡಿದಿದ್ದರೆ ಆ ದುಡ್ಡಿಗೆ ವಿಮಾನದ ಮೇಲೆ ಈ ಹಕ್ಕು ಇಲ್ಲ, ದಿವಾಳಿ ಕೋರ್ಟಿನ ಸಾಲಿನಲ್ಲಿ ನಿಲ್ಲಬೇಕು. ಕಿಂಗ್‌ಫಿಷರ್‌ನಲ್ಲಿ ಸಂಬಳ ನಿಂತದ್ದು ಹಾರಾಟ ನಿಲ್ಲೋದಕ್ಕೆ ಎಷ್ಟೋ ತಿಂಗಳು ಮುಂಚೆಯೇ.