ತಂತ್ರಾಂಶ ನಿಧಾನವಾದಾಗ: ಮೂಲವನ್ನು ಪತ್ತೆಹಚ್ಚುವ ಬಗೆ

ಗ್ರಾಮ ಪಂಚಾಯಿತಿಯ ಬಹುತೇಕ ಕಾರ್ಯಗಳು ಇಂದು ಗಣಕಯಂತ್ರವನ್ನೇ ಅವಲಂಬಿಸಿವೆ. ತೆರಿಗೆಯ ಲೆಕ್ಕಕ್ಕೆ ಪಂಚತಂತ್ರ, ನಮೂನೆ 9 ಮತ್ತು 11ಕ್ಕೆ ಇ-ಸ್ವತ್ತು ಬಳಕೆಯಲ್ಲಿವೆ. ಇಂತಹ ಯಾವುದೇ ತಂತ್ರಾಂಶ ನಿಧಾನವಾದರೆ ಕೂಲಿ ಬಿಟ್ಟು ಬಂದ ಅರ್ಜಿದಾರರ ದಿನ ವ್ಯರ್ಥವಾಗುತ್ತದೆ. ಸಕಾಲ ಸೇವೆಗಳ ಅಧಿನಿಯಮ, 2011ರ ಪ್ರಕಾರ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ನೀಡಬೇಕಾಗುತ್ತದೆ. ಹಲವು ಬಾರಿ ದೂರು ಮಾತ್ರ ಪರದೆಯ ಮುಂದೆ ಕುಳಿತ ಡೇಟಾ ಎಂಟ್ರಿ ಆಪರೇಟರ್ ಮೇಲೆಯೇ ಬರುತ್ತದೆ. ಆದ್ದರಿಂದ ನಿಧಾನದ ಮೂಲವನ್ನು ಪತ್ತೆಹಚ್ಚುವ ಕ್ರಮವನ್ನು ನಾವೆಲ್ಲರೂ ಅರಿತಿರುವುದು ಅವಶ್ಯ.

ನಿಧಾನಕ್ಕೆ ಕಾರಣಗಳು

ನಾವು ಗುಂಡಿ ಒತ್ತಿದಾಗಲೆಲ್ಲ ತಂತ್ರಾಂಶವು ದತ್ತಸಂಚಯಕ್ಕೆ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಇದನ್ನೇ ಕ್ವೆರಿ ಎನ್ನುತ್ತಾರೆ. ಆಸ್ತಿ ಸಂಖ್ಯೆಯಿಂದ ಹುಡುಕಿದರೆ ದತ್ತಸಂಚಯವು ಸೂಚಿಯ ನೆರವಿನಿಂದ ನೇರವಾಗಿ ಆ ದಾಖಲೆಗೆ ಹೋಗಬಲ್ಲದು. ಮಾಲೀಕರ ಹೆಸರಿನ ನಡುವಿನ ಎರಡು ಅಕ್ಷರಗಳನ್ನಷ್ಟೇ ಕೊಟ್ಟರೆ ಸಾಮಾನ್ಯ ಸೂಚಿ ಉಪಯೋಗಕ್ಕೆ ಬಾರದು. ನಿಘಂಟಿನಲ್ಲಿ ಪದದ ನಡುವಿನ ಅಕ್ಷರ ಹಿಡಿದು ಹುಡುಕಿದಂತೆ ಪ್ರತಿಯೊಂದು ಸಾಲನ್ನೂ ಓದಬೇಕಾಗುತ್ತದೆ.

ಎರಡನೆಯ ಕಾರಣ ಬೀಗ. ಒಬ್ಬರು ಒಂದು ದಾಖಲೆಯನ್ನು ತಿದ್ದುತ್ತಿರುವಾಗ ಅದನ್ನೇ ತಿದ್ದಬಯಸುವ ಇತರರು ಕಾಯಬೇಕಾಗುತ್ತದೆ. ಇಲ್ಲಿ ನಿಧಾನವನ್ನು ಅನುಭವಿಸುವವರು ಬೇರೆ, ಉಂಟುಮಾಡುವವರು ಬೇರೆ. ಸರದಿಯ ಕೊನೆಯಲ್ಲಿ ನಿಂತವರನ್ನು ಪ್ರಶ್ನಿಸುವುದರಿಂದ ಫಲವಿಲ್ಲ. ಬೀಗ ಹಿಡಿದವರು ಯಾರೆಂದು ನೋಡಬೇಕು.

ಬಳಕೆದಾರರ ಹೆಸರು ಕಳೆದುಹೋಗುವುದು ಎಲ್ಲಿ?

ಹಿಂದೆ ಕಡತ ಬೇಕಾದರೆ ದಾಖಲೆ ಕೊಠಡಿಗೆ ಒಬ್ಬನೇ ಜವಾನನನ್ನು ಕಳುಹಿಸುತ್ತಿದ್ದರು. ಕೊಠಡಿಯ ಗುಮಾಸ್ತರಿಗೆ ಕಾಣುತ್ತಿದ್ದುದು ಜವಾನನ ಮುಖ ಮಾತ್ರ. ಚೀಟಿಯಲ್ಲಿ ಹೆಸರಿಲ್ಲದಿದ್ದರೆ ಕಡತ ಕೇಳಿದವರು ಯಾರೆಂಬುದು ತಿಳಿಯುತ್ತಿರಲಿಲ್ಲ. ತಂತ್ರಾಂಶದಲ್ಲಿಯೂ ಸ್ಥಿತಿ ಹೀಗೆಯೇ ಇದೆ. ನೂರಾರು ಬಳಕೆದಾರರು ತಮ್ಮ ತಮ್ಮ ಲಾಗಿನ್‌ನಿಂದ ಪ್ರವೇಶಿಸಿದರೂ, ನಡುವಿನ ಸರ್ವರ್ ಸಾಮಾನ್ಯವಾಗಿ ಒಂದೇ ಖಾತೆಯ ಮೂಲಕ, ಹಂಚಿಕೊಂಡ ಕೆಲವೇ ಸಂಪರ್ಕಗಳಲ್ಲಿ ದತ್ತಸಂಚಯವನ್ನು ತಲುಪುತ್ತದೆ. ಹೀಗಾಗಿ ನಿಧಾನ ಕ್ವೆರಿಗಳ ಪಟ್ಟಿಯಲ್ಲಿ ಎಲ್ಲದರ ಮುಂದೆಯೂ ಅದೇ ಖಾತೆಯ ಹೆಸರು, ಅದೇ ಸರ್ವರಿನ ವಿಳಾಸ ಕಾಣುತ್ತದೆ.

ಹೆಸರನ್ನು ಮರಳಿ ಜೋಡಿಸುವ ಕ್ರಮ

ಪ್ರತಿ ಕೋರಿಕೆಯೊಂದಿಗೂ ಬಳಕೆದಾರರ ಗುರುತನ್ನು ಚೀಟಿಯಂತೆ ಲಗತ್ತಿಸುವುದೇ ಪರಿಹಾರ. ಇದಕ್ಕೆ ಒರಾಕಲ್‌ನಲ್ಲಿ ‘ಕ್ಲೈಂಟ್ ಐಡೆಂಟಿಫೈಯರ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಕಾಂಟೆಕ್ಸ್ಟ್ ಇನ್ಫೋ’, ಪೋಸ್ಟ್‌ಗ್ರೆಸ್‌ನಲ್ಲಿ ‘ಅಪ್ಲಿಕೇಶನ್ ನೇಮ್’ ಎಂಬ ಸೌಲಭ್ಯಗಳಿವೆ. ಸಂಸ್ಥೆಗಳ ವ್ಯವಹಾರ ತಂತ್ರಾಂಶವಾದ ಮೈಕ್ರೋಸಾಫ್ಟ್ ಡೈನಾಮಿಕ್ಸ್ ಎಎಕ್ಸ್‌ನಲ್ಲಿ ಒಂದು ಆಯ್ಕೆಯನ್ನು ಸಕ್ರಿಯಗೊಳಿಸಿದರೆ ಬಳಕೆದಾರರ ಗುರುತು ಹೀಗೆ ದತ್ತಸಂಚಯದವರೆಗೂ ತಲುಪುತ್ತದೆ. ಸಂಪರ್ಕವನ್ನು ಒಬ್ಬರಿಂದ ಮತ್ತೊಬ್ಬರಿಗೆ ಕೊಡುವಾಗ ಹಳೆಯ ಗುರುತನ್ನು ಅಳಿಸಿ ಹೊಸದನ್ನು ಬರೆಯಲೇಬೇಕು. ಇಲ್ಲವಾದರೆ ಒಬ್ಬರ ಕೆಲಸ ಮತ್ತೊಬ್ಬರ ಹೆಸರಿಗೆ ಜಮೆಯಾಗುತ್ತದೆ.

ಇದರೊಂದಿಗೆ ನಿಗದಿತ ಅವಧಿಯನ್ನು ಮೀರಿದ ಕ್ವೆರಿಗಳನ್ನು ದಾಖಲಿಸುವ ವ್ಯವಸ್ಥೆಯೂ ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಈ ಮಿತಿ ಮೂಲತಃ 10 ಸೆಕೆಂಡು; ಅದನ್ನು ಬದಲಾಯಿಸಬಹುದು. ಆದರೆ ಅವಧಿಯೊಂದನ್ನೇ ನೋಡಿದರೆ ಸಾಲದು. ಉದಾಹರಣೆಗೆ, 40 ಸೆಕೆಂಡಿನ ವರದಿಯೊಂದು ದಿನಕ್ಕೆ ಒಮ್ಮೆ ಮಾತ್ರ ಬರಬಹುದು. 0.2 ಸೆಕೆಂಡಿನ ಸಣ್ಣ ಕ್ವೆರಿ ದಿನಕ್ಕೆ 20,000 ಬಾರಿ ಬಂದರೆ ಅದು ತೆಗೆದುಕೊಳ್ಳುವ ಒಟ್ಟು ಸಮಯ 4,000 ಸೆಕೆಂಡು, ಅಂದರೆ ಒಂದು ಗಂಟೆಗೂ ಮಿಗಿಲು. ಮೊದಲು ಸರಿಪಡಿಸಬೇಕಾದುದು ಬಹುಶಃ ಎರಡನೆಯದನ್ನೇ.

ಪಂಚಾಯಿತಿ ಹಂತದಲ್ಲಿ ನಾವು ಮಾಡಬೇಕಾದುದು

ದತ್ತಸಂಚಯದ ನಿರ್ವಹಣೆ ನಮ್ಮ ಕೈಯಲ್ಲಿಲ್ಲ. ಆದರೂ ನಾವು ಕೊಡುವ ಮಾಹಿತಿ ಖಚಿತವಾಗಿದ್ದರೆ ಪತ್ತೆಕಾರ್ಯ ಸುಲಭವಾಗುತ್ತದೆ.

1. ‘ಸರ್ವರ್ ನಿಧಾನ’ ಎಂದಷ್ಟೇ ಬರೆಯದೆ ದಿನಾಂಕ, ಗಂಟೆ-ನಿಮಿಷ, ಲಾಗಿನ್ ಗುರುತು, ಪರದೆಯ ಹೆಸರು, ನಮೂದಿಸಿದ ಹುಡುಕಾಟದ ವಿವರ ಹಾಗೂ ಕಾದ ಅವಧಿಯನ್ನು ತಿಳಿಸಬೇಕು.
2. ಅದೇ ವೇಳೆಯಲ್ಲಿ ಇತರ ಜಾಲತಾಣಗಳು ತೆರೆಯುತ್ತವೆಯೇ ಎಂದು ನೋಡಬೇಕು. ಅವೂ ತೆರೆಯದಿದ್ದರೆ ದೋಷವು ಅಂತರ್ಜಾಲ ಸಂಪರ್ಕದಲ್ಲಿರುವ ಸಾಧ್ಯತೆ ಹೆಚ್ಚು.
3. ಉತ್ತರ ಬರುವ ಮುನ್ನ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಪ್ರತಿ ಬಾರಿಯೂ ಹೊಸ ಕೋರಿಕೆ ಹೊರಡಬಹುದು. ಹಳೆಯದು ನಿಲ್ಲುತ್ತದೆಂಬ ಖಾತರಿಯಿಲ್ಲ.
4. ವರ್ಷಪೂರ್ತಿಯ ಬೇಡಿಕೆ, ವಸೂಲಿ ಮತ್ತು ಬಾಕಿ ವರದಿಯನ್ನು ಸಾರ್ವಜನಿಕರ ದಟ್ಟಣೆಯ ವೇಳೆಯಲ್ಲಿ ಪಡೆಯದಿರುವುದು ಒಳಿತು.
5. ಒಬ್ಬರ ಲಾಗಿನ್ ಅನ್ನು ಮತ್ತೊಬ್ಬರು ಬಳಸಕೂಡದು.

ಕೊನೆಯ ಅಂಶವು ಅತಿ ಮುಖ್ಯವಾದುದು. ತಾಂತ್ರಿಕ ಸಿಬ್ಬಂದಿ ಎಷ್ಟೇ ಶ್ರಮಿಸಿ ಕ್ವೆರಿಯ ಜಾಡು ಹಿಡಿದರೂ ಅದು ಕೊನೆಗೊಳ್ಳುವುದು ಲಾಗಿನ್ ಹೆಸರಿನಲ್ಲಿಯೇ. ಒಂದೇ ಲಾಗಿನ್‌ನಲ್ಲಿ ಮೂವರು ಕೆಲಸ ಮಾಡಿದರೆ ಸತ್ಯ ಅಲ್ಲಿಗೇ ಮುಚ್ಚಿಹೋಗುತ್ತದೆ, ತಪ್ಪಿಲ್ಲದವರು ಉತ್ತರಿಸಬೇಕಾಗುತ್ತದೆ.

ಬಳಕೆದಾರರನ್ನು ಗುರುತಿಸುವುದು ದಂಡಿಸುವುದಕ್ಕಲ್ಲ. ಅವರು ಯಾವ ಪರದೆಯಲ್ಲಿ, ಯಾವ ಅಗತ್ಯಕ್ಕಾಗಿ ಆ ಕೋರಿಕೆ ಸಲ್ಲಿಸಿದರೆಂದು ಕೇಳಿ ತಿಳಿಯುವುದಕ್ಕಾಗಿ. ಉತ್ತರ ದೊರೆತರೆ ಹೊಸ ಸೂಚಿಯೊಂದನ್ನು ಸೇರಿಸುವುದರಿಂದಲೋ ಪರದೆಯನ್ನು ತುಸು ಬದಲಾಯಿಸುವುದರಿಂದಲೋ ಎಲ್ಲ ಪಂಚಾಯಿತಿಗಳಿಗೂ ಅನುಕೂಲವಾಗಬಹುದು. ಇಂತಹ ದಾಖಲೆಗಳಲ್ಲಿ ನಾಗರಿಕರ ಹೆಸರು ಮತ್ತು ಆಸ್ತಿ ವಿವರಗಳೂ ಸೇರಿರಬಹುದು. ಆದ್ದರಿಂದ ಪರದೆಯ ಚಿತ್ರಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚದೆ ನಿಗದಿತ ಅಧಿಕಾರಿಗಳಿಗೆ ಮಾತ್ರ ಕಳುಹಿಸುವುದು ಸೂಕ್ತ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಿಕಾರಿಪುರ ತಾಲ್ಲೂಕು